ಸೋತರೂ ನಿಂತವರು: ಡಾ. ಶಿವರಾಮ ಕಾರಂತರ ಹಾಡು, ಚಿತ್ರ, ಚುನಾವಣೆ

ಹಿಂದಿನ ವರ್ಷದ ಅಧ್ಯಯನ ಪ್ರವಾಸಕ್ಕೆ ನಾವು ನಮ್ಮ ಶಾಲೆಯ ಹತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಗೋವೆಗೆ ಹೋಗಿದ್ದೆವು. ಕಾಸರಗೋಡಿನಲ್ಲಿ ರಾತ್ರಿ ರೈಲು ಹತ್ತಿ ಬೆಳಗಿನ ಹೊತ್ತಿಗೆ ಮಡಗಾಂವಿನಲ್ಲಿ ಇಳಿದು, ಹಳೆ ಗೋವೆಯ ಇಗರ್ಜಿಗಳನ್ನು ನೋಡಿ, ಪಣಜಿಯಲ್ಲಿ ಊಟ ಮುಗಿಸಿ, ಮಾಂಡವಿ ಹೊಳೆ ದಾಟಿ ಸಂಜೆಯ ಹೊತ್ತಿಗೆ ಕಲಂಗುಟ್ ಕಡಲ ತೀರಕ್ಕೆ ಬಂದೆವು. ಪಣಜಿಯಿಂದ ಸುಮಾರು 15 ಕಿ.ಮೀ. ದೂರದ ಈ ಊರು ಒಂದು ಕಾಲಕ್ಕೆ ಮೀನುಗಾರರ, ತೆಂಗಿನ ತೋಟದವರ ಹಳ್ಳಿಯಾಗಿತ್ತು. 1960ರ ದಶಕದ ಕೊನೆಯಲ್ಲಿ ಉದ್ದ ಕೂದಲಿನ ಪರದೇಶಿ ಯುವಕರು ಇಲ್ಲಿಗೆ ಬಂದು ಬಿಡಾರ ಹೂಡತೊಡಗಿದ ಮೇಲೆ ಅದರ ಹೆಸರು ಲೋಕಕ್ಕೆಲ್ಲ ಹಬ್ಬಿತು. ಈಗ ಮರಳಿನ ಮೇಲೆ ಕಾಲಿಡಲು ಜಾಗ ಸಿಗುವುದೇ ಕಷ್ಟ.

ಅಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ವಾಚಕರಿಗೆ ಮೊದಲು ತಿಳಿಸಬೇಕು. ನಮ್ಮ ಮಕ್ಕಳು ತಮ್ಮೊಳಗೆ ಮಾತಾಡಿಕೊಳ್ಳುವುದನ್ನು ಕೇಳಿ, ಮಣಿಸರ ಮಾರುತ್ತಿದ್ದ ಒಬ್ಬ ಲಂಬಾಣಿ ಹೆಂಗಸು ಹತ್ತಿರ ಬಂದು ಕನ್ನಡದಲ್ಲೇ ಮಾತಾಡಿಸಿದಳು. ಆಕೆ ಬಿಜಾಪುರದ ಕಡೆಯವಳಂತೆ. ಗೋವೆಯ ಕಡಲಲ್ಲಿ ಕನ್ನಡ ಎಲ್ಲಿಂದ ಬಂತೆಂದು ನಮ್ಮ ಮಕ್ಕಳಿಗೆ ಆಶ್ಚರ್ಯ. ಕೇರಳದಿಂದ ಬಂದ ಮಕ್ಕಳಿಗೆ ಕನ್ನಡ ಹೇಗೆ ಬಂತೆಂದು ಆಕೆಗೆ ಅದಕ್ಕಿಂತ ದೊಡ್ಡ ಆಶ್ಚರ್ಯ. ಇಬ್ಬರಿಗೂ ಉತ್ತರ ಹೇಳುವ ಕೆಲಸ ನಮ್ಮ ಪಾಲಿಗೆ ಬಂತು.

ಹೊತ್ತು ಮುಳುಗುವ ತನಕ ಮಕ್ಕಳನ್ನು ಒಂದೆಡೆ ಕೂರಿಸಬೇಕಲ್ಲ ಎಂದು ನಾವು ರಸಪ್ರಶ್ನೆ ಆರಂಭಿಸಿದೆವು. ಜ್ಞಾನಪೀಠ ಪಡೆದ ಕನ್ನಡಿಗರ ಹೆಸರು ಹೇಳುವಾಗ ಕಾರಂತರ ಹೆಸರೂ ಬಂತು. ನಾವು ದಕ್ಷಿಣಕ್ಕೆ ಕೈ ತೋರಿಸಿ, ಗೋವೆಯ ಗಡಿ ದಾಟಿದೊಡನೆ ಸಿಗುವ ಕಾರವಾರದ ನಾಡಿನಲ್ಲಿ ಕಾರಂತರು ತಮ್ಮ 87ನೆಯ ವಯಸ್ಸಿನಲ್ಲಿ ಲೋಕಸಭೆಗೆ ಸ್ಪರ್ಧಿಸಿದ್ದರೆಂದು ಹೇಳಿದೆವು. ಗೆದ್ದರೇ ಎಂದು ಒಬ್ಬ ಹುಡುಗಿ ಕೇಳಿದಳು. ಇಲ್ಲವೆಂದೆವು. ಗೆಲ್ಲುವುದಿಲ್ಲವೆಂದು ಗೊತ್ತಿದ್ದರೆ ನಿಂತದ್ದೇಕೆ ಎಂದು ಆಕೆ ಮತ್ತೆ ಕೇಳಿದಳು. ಅಷ್ಟರಲ್ಲಿ ಬಸ್ಸಿನವನು ಹಾರ್ನ್ ಹೊಡೆದ, ನಾವು ಪಾರಾದೆವು. ಆದರೆ ಪ್ರಶ್ನೆ ನಮ್ಮ ಜೊತೆಯಲ್ಲೇ ಊರಿಗೆ ಬಂತು. ಈ ಲೇಖನ ಆ ಹುಡುಗಿಗೆ ನಾವು ಕೊಡಬೇಕಾಗಿದ್ದ ಉತ್ತರ.

ಪಾಠಪುಸ್ತಕದಲ್ಲಿ ಇಲ್ಲದ ಕಾರಂತರು

ಕಾರಂತರೆಂದರೆ ನಮ್ಮ ಮಕ್ಕಳಿಗೆ ಕಾದಂಬರಿಕಾರ. 'ಚೋಮನ ದುಡಿ', 'ಮರಳಿ ಮಣ್ಣಿಗೆ', 'ಬೆಟ್ಟದ ಜೀವ', 'ಮೂಕಜ್ಜಿಯ ಕನಸುಗಳು' ಎಂದು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ಅದು ತಪ್ಪಲ್ಲ. ಆದರೆ ಅವರು 40ಕ್ಕೂ ಹೆಚ್ಚು ಕಾದಂಬರಿ ಬರೆಯುವ ನಡುವೆಯೇ ಗೀತನಾಟಕಗಳನ್ನು ಬರೆದು ಆಡಿಸಿದರು, ಯಕ್ಷಗಾನದ ಹಾಡುಗಾರಿಕೆಯನ್ನು ಶಾಸ್ತ್ರೀಯವಾಗಿ ಅಭ್ಯಸಿಸಿದರು, ಸ್ವತಃ ಕುಣಿದರು, ಚಲನಚಿತ್ರ ತೆಗೆದರು, ಮುಪ್ಪಿನಲ್ಲಿ ಮತದಾರನ ಮನೆಬಾಗಿಲಿಗೆ ಹೋಗಿ ನಿಂತರು. ಈ ಮುಖಗಳ ಪರಿಚಯ ನಮ್ಮ ಮನೆಗಳಲ್ಲಿ ಕಡಿಮೆ.

ಹಾಡು, ಚಿತ್ರಗಳಿಂದ ರಾಜಕೀಯಕ್ಕೆ ಬಂದವರು ಲೋಕದಲ್ಲಿ ಬೇರೆಯೂ ಇದ್ದಾರೆ. ಅಸ್ಸಾಮಿನ ಭೂಪೇನ್ ಹಜಾರಿಕಾ ಗಾಯಕರು, ಚಿತ್ರ ನಿರ್ದೇಶಕರು. 1967ರಲ್ಲಿ ಅವರು ತಮ್ಮ ರಾಜ್ಯದ ವಿಧಾನಸಭೆಗೆ ಆರಿಸಿಬಂದರು. ದೂರದ ಇಂಡೊನೇಷ್ಯಾದಲ್ಲಿ ಎರೋಸ್ ಜಾರೊಟ್ ಎಂಬ ಸಂಗೀತಗಾರರು, ಡಚ್ಚರ ವಿರುದ್ಧ ಹೋರಾಡಿದ ಆಚೆ ಪ್ರಾಂತದ ಒಬ್ಬ ವೀರವನಿತೆಯ ಕತೆಯನ್ನು 1988ರಲ್ಲಿ ಚಿತ್ರವಾಗಿ ತೆಗೆದು, ಮುಂದೆ ರಾಜಕೀಯಕ್ಕಿಳಿದು ಪಕ್ಷವನ್ನೇ ಕಟ್ಟಿದರು. ಅಂಥವರ ಸಾಲಿನಲ್ಲಿ ನಮ್ಮ ಕಾರಂತರನ್ನು ಇಡಬಹುದಾದರೂ ಒಂದು ವ್ಯತ್ಯಾಸವಿದೆ. ಕಾರಂತರಿಗೆ ಹಿಂದೆ ಪಕ್ಷವಿರಲಿಲ್ಲ, ಮುಂದೆ ಪದವಿಯ ಆಸೆಯೂ ಇರಲಿಲ್ಲ.

ಒಂದೇ ಜಿಲ್ಲೆಯ ಮಗ

ಶಿವರಾಮ ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕುಂದಾಪುರದ ದಕ್ಷಿಣಕ್ಕಿರುವ ಕೋಟದಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಆಗ ಉತ್ತರದ ಬೈಂದೂರಿನಿಂದ ದಕ್ಷಿಣದ ತೃಕ್ಕರಿಪುರದವರೆಗೆ ಎಲ್ಲವೂ ಮದ್ರಾಸು ಪ್ರಾಂತದ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಕೋಟದ ಹುಡುಗನೂ ಕುಂಬಳೆಯ ಹುಡುಗನೂ ಓದಲು ಮಂಗಳೂರಿಗೇ ಹೋಗಬೇಕಾಗಿತ್ತು. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರುವಾಗ ಕಾರಂತರಿಗೆ 54 ವರ್ಷ. ಅವರ ಮುಖ್ಯ ಕಾದಂಬರಿಗಳಲ್ಲಿ ಹೆಚ್ಚಿನವು ಬಂದದ್ದು ನಾವೂ ಅವರೂ ಒಂದೇ ಜಿಲ್ಲೆಯವರಾಗಿದ್ದ ಕಾಲದಲ್ಲಿ. ಆದುದರಿಂದ ಅವರು ನಮಗೆ ನೆರೆರಾಜ್ಯದ ಸಾಹಿತಿಯಲ್ಲ, ನಮ್ಮ ಮನೆಯವರೇ.

ಗಾಂಧೀಜಿಯವರ ಅಸಹಕಾರ ಚಳವಳಿಯ ಗಾಳಿ ಬೀಸಿದಾಗ ಕಾರಂತರು ಮಂಗಳೂರಿನ ಕಾಲೇಜನ್ನು ಬಿಟ್ಟು ಹೊರಬಂದರು. ಮತ್ತೆ ತರಗತಿಗೆ ಹೋಗಲಿಲ್ಲ. ಖಾದಿ ಹೊತ್ತು ಮಾರಿದರು, ಪಾನನಿರೋಧದ ಪ್ರಚಾರ ಮಾಡಿದರು, ಸಮಾಜ ಹೊರಗಿಟ್ಟ ಹೆಣ್ಣುಮಕ್ಕಳಿಗೆ ಬಾಳು ಕಟ್ಟಿಕೊಡಲು ಓಡಾಡಿದರು. 'ವಸಂತ' ಎಂಬ ಪತ್ರಿಕೆ ನಡೆಸಿದರು. ಪದವಿಯಿಲ್ಲದ ಈ ವ್ಯಕ್ತಿಗೆ ಮುಂದೆ ಹಲವು ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟ್ ಕೊಟ್ಟದ್ದು ಎಲ್ಲರಿಗೂ ತಿಳಿದ ಸಂಗತಿ. ಪರೀಕ್ಷೆಯ ಅಂಕವೊಂದೇ ಮನುಷ್ಯನ ಅಳತೆಯೆಂದು ನಂಬಿದ ತಂದೆತಾಯಿಗಳಿಗೆ ನಾವು ಇದನ್ನು ಆಗಾಗ ನೆನಪಿಸುವುದುಂಟು. ಆದರೆ ಶಾಲೆ ಬಿಟ್ಟದ್ದರಿಂದ ಅವರು ದೊಡ್ಡವರಾದದ್ದಲ್ಲ. ಬಿಟ್ಟ ಮೇಲೆ ಓದುವುದನ್ನು ನಿಲ್ಲಿಸಲಿಲ್ಲ, ಅದರಿಂದ ದೊಡ್ಡವರಾದರು. ಇದನ್ನು ಮಕ್ಕಳಿಗೆ ಹೇಳಲು ನಾವು ಮರೆಯುವುದಿಲ್ಲ.

ಮಾತಿಲ್ಲದ ಚಿತ್ರಗಳು

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ತೆರೆಗೆ ಬಂದದ್ದು 1934ರಲ್ಲಿ. ಅದಕ್ಕೆ ಮೊದಲೇ, 1930ರ ಆಸುಪಾಸಿನಲ್ಲಿ, ಕಾರಂತರು 'ಡೊಮಿಂಗೊ' ಮತ್ತು 'ಭೂತರಾಜ್ಯ' ಎಂಬ ಎರಡು ಮೂಕಚಿತ್ರಗಳನ್ನು ತೆಗೆದಿದ್ದರು. ಆ ಕಾಲದ ಪರಿಸ್ಥಿತಿಯನ್ನು ವಾಚಕರು ಊಹಿಸಿಕೊಳ್ಳಬೇಕು. ನಮ್ಮ ಹಳ್ಳಿಗಳಿಗೆ ಇನ್ನೂ ವಿದ್ಯುತ್ತು ಬಂದಿರಲಿಲ್ಲ. ಚಿತ್ರಗ್ರಹಣ, ಸಂಸ್ಕರಣ, ಪ್ರದರ್ಶನವೆಂದರೆ ಮುಂಬಯಿ, ಮದ್ರಾಸುಗಳಂಥ ಪಟ್ಟಣಗಳ ವಿದ್ಯೆ. ಹಿಂದೆ ಬಂಡವಾಳಗಾರನಿಲ್ಲದ ಕರಾವಳಿಯ ಒಬ್ಬ ಯುವಕ ಇದಕ್ಕೆ ಕೈ ಹಾಕಿದ್ದೇ ಸಾಹಸ. ಆ ಚಿತ್ರಗಳು ಇಂದು ನೋಡಲು ಸಿಗುವುದಿಲ್ಲ. ಅವುಗಳಿಂದ ಕಾರಂತರಿಗೆ ಹಣವೂ ಬರಲಿಲ್ಲ.

ಸೋತ ಕೆಲಸಕ್ಕೆ ಬೆನ್ನು ಹಾಕಿ ಮರೆತುಬಿಡುವ ಸ್ವಭಾವ ಅವರದಾಗಿರಲಿಲ್ಲ. 1975ರಲ್ಲಿ ಬಂಟ್ವಾಳದ ಮಂಚಿಯವರಾದ ಬಿ.ವಿ. ಕಾರಂತರು 'ಚೋಮನ ದುಡಿ'ಯನ್ನು ಚಿತ್ರವಾಗಿಸಿದಾಗ ಅದಕ್ಕೆ ಆ ವರ್ಷದ ಅತ್ಯುತ್ತಮ ಭಾರತೀಯ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಕಮಲ ಬಂತು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವ ರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿ, ಕತೆಗಾಗಿ ಶಿವರಾಮ ಕಾರಂತರಿಗೂ ಪ್ರಶಸ್ತಿ. 1933ರಲ್ಲಿ ಬರೆದ ಕಾದಂಬರಿಗೆ 42 ವರ್ಷಗಳ ಬಳಿಕ ಸಂದ ಗೌರವವದು. ಅಷ್ಟಕ್ಕೆ ತೃಪ್ತರಾಗಿ ಕುಳಿತಿದ್ದರೆ ಯಾರೂ ದೂಷಿಸುತ್ತಿರಲಿಲ್ಲ. ಆದರೆ 1978ರಲ್ಲಿ, ಕಾರಂತರು ತಮ್ಮದೇ 'ಕುಡಿಯರ ಕೂಸು' ಕಾದಂಬರಿಯನ್ನು 'ಮಲೆಯ ಮಕ್ಕಳು' ಎಂಬ ಹೆಸರಿನಲ್ಲಿ ಸ್ವತಃ ನಿರ್ದೇಶಿಸಿದರು. ಮೂಕಚಿತ್ರಗಳ ಕಾಲದಲ್ಲಿ 30ರ ಆಸುಪಾಸಿನಲ್ಲಿದ್ದವರು ಮತ್ತೆ ನಿರ್ದೇಶಕರಾಗುವಾಗ 75 ದಾಟಿದ್ದರು. ಮಲೆಯ ಕುಡಿಯರ ಬದುಕನ್ನು ಅವರ ನಡುವೆ ಓಡಾಡಿ ಅರಿತಿದ್ದ ಅವರಿಗೆ, ಅದನ್ನು ಕಣ್ಣಿಗೆ ಕಾಣುವಂತೆ ತೋರಿಸಬೇಕೆಂಬ ಹಂಬಲ ಆರಿರಲಿಲ್ಲ.

ಹಾಡು ಮತ್ತು ಕುಣಿತ

ಕಾರಂತರ ಬಾಳಿನ ಬಹುಭಾಗ ಕಳೆದದ್ದು ಪುತ್ತೂರಿನಲ್ಲಿ. ಅಲ್ಲಿನ ಗುಡ್ಡದ ಮೇಲಿನ ಬಾಲವನ ಅವರ ಮನೆಯೂ ಹೌದು, ಪ್ರಯೋಗಶಾಲೆಯೂ ಹೌದು. ಮಕ್ಕಳು ಹೆದರಿಕೆಯಿಲ್ಲದೆ, ಆಡುತ್ತ ಹಾಡುತ್ತ ಕಲಿಯಬೇಕೆಂದು ಅವರು ಅಲ್ಲಿ ನಡೆಸಿದ ಪ್ರಯತ್ನ ಇಂದಿನ ಶಿಕ್ಷಕರಿಗೂ ಪಾಠ. ಮಕ್ಕಳಿಗಾಗಿ 'ಬಾಲಪ್ರಪಂಚ'ದ ಮೂರು ಸಂಪುಟಗಳನ್ನು ಅವರೊಬ್ಬರೇ ಬರೆದು ಮುಗಿಸಿದ್ದೂ ಆ ಕಾಲದಲ್ಲೇ. 1936ರಲ್ಲಿ ಅವರು ಲೀಲಾ ಆಳ್ವ ಅವರ ಕೈ ಹಿಡಿದರು. ಬ್ರಾಹ್ಮಣ ವರ, ಬಂಟ ವಧು; ಆ ದಿನಗಳಲ್ಲಿ ಇದು ಸಣ್ಣ ಮಾತಲ್ಲ. ಲೀಲಾ ಅವರು ಗಂಡನ ನೃತ್ಯ ಪ್ರಯೋಗಗಳಲ್ಲಿ ಜೊತೆಯಾಗಿ ಹೆಜ್ಜೆ ಹಾಕಿದರು. ಮನೆತನದ ಹೆಣ್ಣು ವೇದಿಕೆಯಲ್ಲಿ ಕುಣಿಯುವುದನ್ನು ಕಂಡು ಮೂಗು ಮುರಿದವರು ಕಡಿಮೆಯಿರಲಿಲ್ಲ.

ಮಾತಿನ ಬದಲು ಹಾಡಿನಲ್ಲೇ ಕತೆ ನಡೆಸುವ ಗೀತನಾಟಕಗಳನ್ನು ಕಾರಂತರು ಬರೆದು ಆಡಿಸಿದರು. 'ಮುಕ್ತದ್ವಾರ', 'ಕಿಸಾ ಗೋತಮಿ' ಅಂಥವು. ಆದರೆ ಅವರ ಸಂಗೀತದ ಶ್ರದ್ಧೆಯ ನಿಜವಾದ ಫಲ ಕಂಡದ್ದು ಯಕ್ಷಗಾನದಲ್ಲಿ. ಹಳೆಯ ಭಾಗವತರ ಬಳಿ ಕುಳಿತು ಅವರ ಪದಗಳನ್ನು ಕೇಳಿ, ರಾಗ, ತಾಳ, ಮಟ್ಟುಗಳನ್ನು ಗುರುತಿಸಿ, ಓಲೆಗರಿಯ ಪ್ರಸಂಗಗಳನ್ನು ಹುಡುಕಿ ಅವರು ಬರೆದ 'ಯಕ್ಷಗಾನ ಬಯಲಾಟ' 1957ರಲ್ಲಿ ಪ್ರಕಟವಾಯಿತು. 1959ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಕಾದಂಬರಿಗಳಿಗೆ ಹೆಸರಾದವರಿಗೆ ಆ ಪ್ರಶಸ್ತಿ ಬಂದದ್ದು ನಮ್ಮ ಊರ ಆಟದ ಮೇಲಿನ ಗ್ರಂಥಕ್ಕೆ ಎಂಬುದನ್ನು ಗಮನಿಸಬೇಕು. ಬಯಲಾಟವೆಂದರೆ ಹಳ್ಳಿಗರ ಕಾಲಕ್ಷೇಪವೆಂದು ತಿಳಿದಿದ್ದ ಪಟ್ಟಣದ ವಿದ್ವಾಂಸರು ಆ ಬಳಿಕ ಕಣ್ಣು ತೆರೆದರು.

1971ರಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ, ಪ್ರೊ. ಕು.ಶಿ. ಹರಿದಾಸ ಭಟ್ಟರ ಮುತುವರ್ಜಿಯಿಂದ ಯಕ್ಷಗಾನ ಕೇಂದ್ರ ಆರಂಭವಾದಾಗ ಕಾರಂತರ ಪ್ರಯೋಗಗಳಿಗೆ ನೆಲೆ ಸಿಕ್ಕಿತು. ರಾತ್ರಿಯಿಡೀ ನಡೆಯುವ ಆಟವನ್ನು ಎರಡು ಮೂರು ಗಂಟೆಗೆ ಇಳಿಸಿ, ವೇಷಧಾರಿಯ ಮಾತನ್ನು ತೆಗೆದು, ಪದ, ಕುಣಿತ, ಅಭಿನಯಗಳನ್ನೇ ಉಳಿಸಿಕೊಂಡು, ಹಿಮ್ಮೇಳಕ್ಕೆ ಪಿಟೀಲು, ಸಾಕ್ಸೋಫೋನುಗಳನ್ನು ಕೂಡಿಸಿ ಅವರು ಬಡಗಿನ ಆಟಕ್ಕೆ ಹೊಸ ರೂಪ ಕೊಟ್ಟರು. ಆ ತಂಡ ಹೊರದೇಶಗಳಿಗೂ ಹೋಗಿಬಂತು. ಕನ್ನಡದ ಒಂದಕ್ಷರ ತಿಳಿಯದವರೂ ಆಟ ನೋಡಿ ಮೆಚ್ಚಿದರು.

ನಮ್ಮವರ ಅಸಮಾಧಾನ

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಕಾರಂತರ ಈ ಕೆಲಸ ನಮ್ಮ ಕಡೆಯವರಿಗೆ ಪೂರ್ತಿ ಹಿಡಿಸಲಿಲ್ಲ. ನಾವು ತೆಂಕುತಿಟ್ಟಿನ ನಾಡಿನವರು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಗಾರಿಕೆಯನ್ನು ಬೆಳಗಿನ ತನಕ ಕಿವಿಗೊಟ್ಟು ಕೇಳಿದವರಿಗೆ, ಮಾತಿಲ್ಲದ ಯಕ್ಷಗಾನ ಉಪ್ಪಿಲ್ಲದ ಗಂಜಿಯಂತೆ ಕಂಡದ್ದು ಸಹಜ. ಸಾಕ್ಸೋಫೋನು ಚೆಂಡೆಯ ಮನೆಗೆ ಬಂದ ಅಪರಿಚಿತ ನೆಂಟನಂತೆ ತೋರಿತು. ಅದಕ್ಕೂ ಮಿಗಿಲಾಗಿ, ಕುಂಬಳೆಯ ಪಾರ್ತಿಸುಬ್ಬನ ಕರ್ತೃತ್ವದ ಬಗ್ಗೆ ಕಾರಂತರು ಎತ್ತಿದ ಸಂಶಯ ನಮ್ಮ ಹಿರಿಯರ ಮನಸ್ಸನ್ನು ನೋಯಿಸಿತು. ಕುಕ್ಕಿಲ ಕೃಷ್ಣ ಭಟ್ಟರು ಪಾರ್ತಿಸುಬ್ಬನ ಪರವಾಗಿ ಆಧಾರ ಸಹಿತ ವಾದಿಸಿದರು. ಎರಡು ಪಕ್ಷದ ವಿದ್ವಾಂಸರ ನಡುವೆ ಆ ಚರ್ಚೆ ಬಹುಕಾಲ ನಡೆಯಿತು.

ನಮ್ಮ ನಿಲುವನ್ನು ಕೇಳಿದರೆ, ಪಾರ್ತಿಸುಬ್ಬ ನಮ್ಮವನೇ ಎಂದು ಹೇಳಲು ನಮಗೆ ಸಂಕೋಚವಿಲ್ಲ. ಆದರೆ ಕಾರಂತರು ಪ್ರಶ್ನೆ ಎತ್ತಿದ್ದರಿಂದಲೇ ನಮ್ಮವರು ಹಳೆಯ ಪ್ರತಿಗಳನ್ನು ಮತ್ತೆ ಬಿಚ್ಚಿ ಓದಿದರು. ಇಷ್ಟವಿಲ್ಲದ ಪ್ರಶ್ನೆಯೂ ಕೆಲವೊಮ್ಮೆ ಉಪಕಾರ ಮಾಡುತ್ತದೆ. ತಮಗೆ ಸರಿಯೆಂದು ಕಂಡದ್ದನ್ನು ಕಾರಂತರು ಬಂಧುಗಳ ಮುಂದೆಯೂ ಹೇಳಿದರು, ಸರಕಾರದ ಮುಂದೆಯೂ ಹೇಳಿದರು. ಒಂದನ್ನು ಮೆಚ್ಚಿ ಇನ್ನೊಂದಕ್ಕೆ ಸಿಟ್ಟಾಗುವುದು ನ್ಯಾಯವಲ್ಲ.

ಸರಕಾರದ ಮುಂದೆ ಹೇಳಿದ್ದಕ್ಕೆ ಒಂದು ನಿದರ್ಶನ ಸಾಕು. 1968ರಲ್ಲಿ ಅವರಿಗೆ ಪದ್ಮಭೂಷಣ ಬಂದಿತ್ತು. 1975ರಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ಪ್ರತಿಭಟನೆಯಾಗಿ ಆ ಪ್ರಶಸ್ತಿಯನ್ನು ಮರಳಿಸಿದರು. ಪತ್ರಿಕೆಗಳ ಬಾಯಿ ಕಟ್ಟಿದ್ದ, ಮುಖಂಡರು ಸೆರೆಮನೆಯಲ್ಲಿದ್ದ ಕಾಲವದು. ಎರಡೇ ವರ್ಷಗಳಲ್ಲಿ ಕಾಲ ಬದಲಾಯಿತು. 1977ನೆಯ ಸಾಲಿನ ಜ್ಞಾನಪೀಠ 'ಮೂಕಜ್ಜಿಯ ಕನಸುಗಳು' ಕೃತಿಗಾಗಿ ಅವರನ್ನು ಹುಡುಕಿಕೊಂಡು ಬಂತು.

ಕಾಳಿ ಹೊಳೆಯ ದಡದಲ್ಲಿ

ಕಾರಂತರು ಕಾಡು, ಹೊಳೆ, ಕಡಲುಗಳನ್ನು ಕತೆಯ ಹಿನ್ನೆಲೆಯಾಗಿ ಮಾತ್ರ ಕಂಡವರಲ್ಲ. 'ಬೆಟ್ಟದ ಜೀವ'ವನ್ನು ಓದಿದವರಿಗೆ ಅದು ಗೊತ್ತು. ದೇಶದ ಪರಿಸರ ಹೇಗೆ ಹಾಳಾಗುತ್ತಿದೆಯೆಂದು 1982ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಹೊರತಂದ ಪ್ರಜಾವರದಿಯನ್ನು ಅವರು 80 ದಾಟಿದ ಮೇಲೆ ಕನ್ನಡಕ್ಕೆ ತಂದರು. ಪ್ರಶಸ್ತಿ ಬಂದ ಲೇಖಕರು ಇಂಥ ಅಂಕಿ ಅಂಶಗಳ ಗ್ರಂಥವನ್ನು ಅನುವಾದಿಸಲು ಕೂರುವುದು ಅಪರೂಪ. ಓದುವವನಿಗೆ ತನ್ನ ಭಾಷೆಯಲ್ಲಿ ತಿಳಿಯದಿದ್ದರೆ ಅವನು ತನ್ನ ನೆಲವನ್ನು ಕಾಯಲಾರ ಎಂಬುದು ಆ ಶ್ರಮದ ಹಿಂದಿನ ಅರ್ಥವೆಂದು ನಾವು ತಿಳಿದಿದ್ದೇವೆ.

ಆಗ ಉತ್ತರ ಕನ್ನಡ ಜಿಲ್ಲೆಯ ಮೇಲೆ ಒಂದರ ಮೇಲೊಂದು ಯೋಜನೆಗಳು ಬಂದಿಳಿಯುತ್ತಿದ್ದವು. ಕಾಳಿ ಹೊಳೆಗೆ ಅಣೆಕಟ್ಟುಗಳು, ಕಾರವಾರದ ಕಡಲ ತೀರಕ್ಕೆ ನೌಕಾನೆಲೆ, ಕಾಳಿಯ ದಡದ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ. ಪ್ರತಿಯೊಂದಕ್ಕೂ ದೇಶಹಿತದ ಕಾರಣವಿತ್ತು. ಪ್ರತಿಯೊಂದಕ್ಕೂ ಮನೆಮಠ ಬಿಟ್ಟು ಏಳಬೇಕಾದ ಕುಟುಂಬಗಳೂ ಇದ್ದವು. ದಟ್ಟ ಕಾಡಿನ ನಡುವೆ, ಅಣೆಕಟ್ಟುಗಳ ಸಾಲಿನ ಮಗ್ಗುಲಲ್ಲಿ, ಅಣುಸ್ಥಾವರ ಕಟ್ಟುವುದು ಎಷ್ಟು ಸುರಕ್ಷಿತ ಎಂದು ಜನ ಕೇಳತೊಡಗಿದರು. 1986ರ ಏಪ್ರಿಲಿನಲ್ಲಿ ಸೋವಿಯತ್ ದೇಶದ ಚೆರ್ನೋಬಿಲ್‌ನಲ್ಲಿ ದುರಂತ ಸಂಭವಿಸಿದ ಮೇಲೆ ಆ ಪ್ರಶ್ನೆ ಇನ್ನಷ್ಟು ಗಟ್ಟಿಯಾಯಿತು. ಕಾರಂತರು ಕೈಗಾ ವಿರೋಧಿ ಹೋರಾಟಕ್ಕೆ ಹೆಗಲು ಕೊಟ್ಟರು. ಸಭೆಗಳಲ್ಲಿ ಮಾತಾಡಿದರು, ಮೆರವಣಿಗೆಯಲ್ಲಿ ನಡೆದರು, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಆ ವರ್ಷವೇ ಅವರ ಪತ್ನಿ ಲೀಲಾ ಅವರು ತೀರಿಕೊಂಡರು. ದುಃಖವನ್ನು ಮನೆಯಲ್ಲಿ ಬಿಟ್ಟು ಮುದುಕರು ಮತ್ತೆ ಊರೂರಿಗೆ ಹೊರಟರು.

1989ರ ನವೆಂಬರಿನಲ್ಲಿ ಲೋಕಸಭೆಗೆ ಮಹಾಚುನಾವಣೆ ಬಂತು. ಕೇಳುವವರು ಕೇಳದಿದ್ದಾಗ ಮತಪೆಟ್ಟಿಗೆಯ ಮೂಲಕವೇ ಕೇಳೋಣವೆಂದು ಕಾರಂತರು ಕೆನರಾ ಕ್ಷೇತ್ರದಿಂದ ಕಣಕ್ಕಿಳಿದರು. ಅವರ ಬಳಿ ಹಣವಿರಲಿಲ್ಲ. ಬೂತಿಗೊಬ್ಬನಂತೆ ಕೂರಿಸಲು ಪಕ್ಷದ ಆಳುಗಳಿರಲಿಲ್ಲ. ಜಾತಿಯ ಲೆಕ್ಕ ಹಾಕುವ ಬುದ್ಧಿಯಂತೂ ಮೊದಲೇ ಇರಲಿಲ್ಲ. ಇದ್ದದ್ದು ಒಂದಷ್ಟು ಯುವಕರು, ಕೆಲವು ಅಧ್ಯಾಪಕರು, ಪರಿಸರದ ಕಾಳಜಿಯುಳ್ಳ ರೈತರು ಮತ್ತು ಒಂದು ಪ್ರಶ್ನೆ. ಘಟ್ಟದ ಮೇಲೂ ಕೆಳಗೂ ಹರಡಿದ ಆ ದೊಡ್ಡ ಕ್ಷೇತ್ರದಲ್ಲಿ 87ರ ಮುದುಕರು ತಿರುಗಾಡಿ ಜನರೆದುರು ಆ ಪ್ರಶ್ನೆಯನ್ನಿಟ್ಟರು. ಮತ ಎಣಿಕೆಯಾದಾಗ ಕಾಂಗ್ರೆಸ್ಸಿನ ಜಿ. ದೇವರಾಯ ನಾಯ್ಕರು ಗೆದ್ದಿದ್ದರು. ಕಾರಂತರು ಸೋತರು.

ಸೋಲಿನ ಲೆಕ್ಕ

ಮುಂದೆ ಏನಾಯಿತೆಂಬುದನ್ನೂ ಹೇಳಬೇಕು. 1994ರ ಮೇ ತಿಂಗಳಲ್ಲಿ, ಕೈಗಾದಲ್ಲಿ ಕಟ್ಟುತ್ತಿದ್ದ ಒಂದು ಸ್ಥಾವರದ ಗುಮ್ಮಟದ ಒಳಪದರ ಕುಸಿದುಬಿತ್ತು. ಅಣುಇಂಧನ ತುಂಬುವ ಮೊದಲೇ ಹೀಗಾದದ್ದರಿಂದ ವಿಕಿರಣದ ಅಪಾಯವಾಗಲಿಲ್ಲ. ಆದರೆ ಪ್ರಶ್ನೆ ಕೇಳಿದವರು ಹುಚ್ಚರಲ್ಲವೆಂದು ಅಂದು ಹಲವರಿಗೆ ಅನ್ನಿಸಿತು. ಗುಮ್ಮಟದ ವಿನ್ಯಾಸವನ್ನು ತಿದ್ದಿ ಮತ್ತೆ ಕಟ್ಟಲಾಯಿತು. 2000ದಲ್ಲಿ ಮೊದಲ ಎರಡು ಘಟಕಗಳು ವಿದ್ಯುತ್ ಕೊಡತೊಡಗಿದವು. 2007 ಮತ್ತು 2011ರಲ್ಲಿ ಇನ್ನೆರಡು ಸೇರಿದವು. ಒಂದೊಂದರ ಶಕ್ತಿ 220 ಮೆಗಾವಾಟ್. ಮೊದಲನೆಯ ಘಟಕ 2018ರ ಕೊನೆಯ ತನಕ 962 ದಿನ ಎಡೆಬಿಡದೆ ನಡೆದು ವಿಶ್ವದಾಖಲೆಯನ್ನೂ ಮಾಡಿತು. ಆದುದರಿಂದ ಕಾರಂತರು ಹೆದರಿದ್ದೆಲ್ಲವೂ ನಡೆದುಹೋಯಿತೆಂದು ಹೇಳಿದರೆ ಅದು ಸತ್ಯವಾಗದು. 2011ರಲ್ಲಿ ಜಪಾನಿನ ಫುಕುಶಿಮಾದಲ್ಲಿ ನಡೆದದ್ದನ್ನು ಕಂಡ ಮೇಲೆ, ಅವರು ಹೆದರಿದ್ದು ಬರೀ ಭ್ರಮೆಯೆಂದರೆ ಅದೂ ಸತ್ಯವಾಗದು. ಶಿಕ್ಷಕರಾದ ನಾವು ಮಕ್ಕಳಿಗೆ ಎರಡನ್ನೂ ಹೇಳಬೇಕು. ಕಾರಂತರೂ ತಮ್ಮ ಮಾತನ್ನು ಕಣ್ಣು ಮುಚ್ಚಿ ನಂಬಬೇಕೆಂದು ಯಾರಿಗೂ ಕಲಿಸಿದವರಲ್ಲ.

1997ರ ಡಿಸೆಂಬರ್ 9ರಂದು, 95 ದಾಟಿದ ಕಾರಂತರು ಮಣಿಪಾಲದಲ್ಲಿ ಕೊನೆಯುಸಿರೆಳೆದರು. ಕೊನೆಯ ವರ್ಷಗಳಲ್ಲೂ ಅವರು ಹಕ್ಕಿಗಳ ಕುರಿತು ಬರೆಯುತ್ತಿದ್ದರು. ಆ ಪುಸ್ತಕ ಅವರು ತೀರಿಕೊಂಡ ಮೇಲೆ ಹೊರಬಂತು. ಅವರ ಮಗ ಉಲ್ಲಾಸ ಕಾರಂತರು ಹುಲಿಗಳ ಅಧ್ಯಯನದಲ್ಲಿ ಲೋಕಪ್ರಸಿದ್ಧರಾದ ವಿಜ್ಞಾನಿ. ತಂದೆ ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋದದ್ದು ವ್ಯರ್ಥವಾಗಲಿಲ್ಲ. ಅವರು ತೀರಿಕೊಂಡು ಎರಡು ತಿಂಗಳು ತುಂಬುವ ಮೊದಲೇ, 1998ರ ಜನವರಿ 26ರಂದು, ಕೊಂಕಣ ರೈಲ್ವೆಯ ಪೂರ್ತಿ ಮಾರ್ಗದಲ್ಲಿ ರೈಲು ಓಡತೊಡಗಿತು. ನಮ್ಮ ಮಕ್ಕಳು ಗೋವೆಗೆ ಹೋದ ರೈಲು ಅದೇ ಹಳಿಯ ಮೇಲೆ, ಕಾರಂತರು ಹುಟ್ಟಿದ ಸೀಮೆಯ ಬದಿಯಿಂದ, ಅವರು ಮತ ಕೇಳಿದ ಊರುಗಳ ನಡುವಿನಿಂದ, ಕತ್ತಲಲ್ಲಿ ಹಾದುಹೋಯಿತು. ಮಕ್ಕಳೆಲ್ಲ ನಿದ್ದೆಯಲ್ಲಿದ್ದರು.

ಇನ್ನು ಆ ಹುಡುಗಿಯ ಪ್ರಶ್ನೆ. ಗೆಲ್ಲುವುದಿಲ್ಲವೆಂದು ಗೊತ್ತಿದ್ದರೆ ನಿಂತದ್ದೇಕೆ?

ಮತದ ಎಣಿಕೆಗೆ ಬೆಲೆಯಿಲ್ಲವೆಂದು ನಾವು ಹೇಳುವುದಿಲ್ಲ. ನಾವು ಕುಳಿತಿದ್ದ ಆ ಗೋವೆಯ ಮಣ್ಣೇ ಅದಕ್ಕೆ ಸಾಕ್ಷಿ. 1967ರ ಜನವರಿ 16ರಂದು ಗೋವೆಯ ಜನರನ್ನು ಮಹಾರಾಷ್ಟ್ರಕ್ಕೆ ಸೇರುವಿರೋ, ಬೇರೆಯಾಗಿ ಉಳಿಯುವಿರೋ ಎಂದು ಮತದ ಮೂಲಕ ಕೇಳಲಾಯಿತು. 34,021 ಮತಗಳ ಅಂತರದಿಂದ ಅವರು ಬೇರೆಯಾಗಿ ಉಳಿದರು. ಅದೇ ವರ್ಷ ಮಹಾಜನ ಆಯೋಗ ವರದಿ ಕೊಟ್ಟು, ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದಿತು. ನಮ್ಮನ್ನು ಯಾರೂ ಮತದ ಮೂಲಕ ಕೇಳಲಿಲ್ಲ; ವರದಿ ಕಪಾಟಿನಲ್ಲಿ ಉಳಿಯಿತು. ಇದು ಹಳೆಯ ನೋವು, ಇಲ್ಲಿ ಬೆಳೆಸುವುದಿಲ್ಲ. ಇಂದು ನಾವು ಕೇರಳದ ಪ್ರಜೆಗಳಾಗಿ, ಮಲೆಯಾಳಿ ನೆರೆಯವರೊಡನೆ ಒಂದೇ ಬಾವಿಯ ನೀರು ಕುಡಿದು ಬಾಳುತ್ತಿದ್ದೇವೆ. ಆದರೆ ತಲೆ ಎಣಿಸಿದಾಗ ಕಡಿಮೆ ಬೀಳುವುದೆಂದರೇನು ಎಂಬುದು ನಮಗೆ ಯಾರೂ ಕಲಿಸಿಕೊಡಬೇಕಾದ ಪಾಠವಲ್ಲ. ಕನ್ನಡ ತರಗತಿಗೆ ಮಕ್ಕಳು ಸಾಕಷ್ಟಿಲ್ಲ, ಕನ್ನಡ ಬಲ್ಲ ಅಧ್ಯಾಪಕರು ಬರಲಿಲ್ಲ, ಕಚೇರಿಯ ಕಾಗದ ಕನ್ನಡದಲ್ಲಿಲ್ಲ. ಪ್ರತಿ ವರ್ಷವೂ ಇದೇ ಲೆಕ್ಕ.

ಇಂಥ ಊರಿನವರಾದ ನಾವು, ಗೆಲ್ಲುವವರು ಮಾತ್ರ ನಿಲ್ಲಬೇಕೆಂಬ ನಿಯಮವನ್ನು ಒಪ್ಪಿದರೆ, ನಾಳೆಯೇ ಶಾಲೆಯ ಬಾಗಿಲು ಮುಚ್ಚಿ ಮನೆಗೆ ಹೋಗಬೇಕಾಗುತ್ತದೆ. ಕಾರಂತರು ನಿಂತದ್ದು ಗೆಲುವಿನ ಆಸೆಯಿಂದಲ್ಲ. ಕೇಳಬೇಕಾದ ಒಂದು ಪ್ರಶ್ನೆಯನ್ನು ಯಾರೂ ಕೇಳದೆ ಬಿಟ್ಟರು ಎಂಬ ಮಾತು ಉಳಿಯಬಾರದೆಂದು ನಿಂತರು. ಮೂಕಚಿತ್ರ ಕೈಕೊಟ್ಟಿತು, ಮುಪ್ಪಿನಲ್ಲಿ ಮತ್ತೆ ಚಿತ್ರ ತೆಗೆದರು. ಯಕ್ಷಗಾನದ ಹೊಸರೂಪವನ್ನು ತಮ್ಮವರೇ ಟೀಕಿಸಿದರು; ಅವರು ತಂಡ ಬಿಡಲಿಲ್ಲ. ಚುನಾವಣೆ ಸೋತರು, ಮರುದಿನ ಮತ್ತೆ ಬರೆಯಲು ಕುಳಿತರು.

ಕಲಂಗುಟ್‌ನಿಂದ ಹೊರಡುವಾಗ ಆ ಲಂಬಾಣಿ ಹೆಂಗಸು ನಮ್ಮ ಹುಡುಗಿಯರಿಗೆ ಒಂದೊಂದು ಮಣಿಯ ಬಳೆ ಕೊಟ್ಟಳು. ಎಷ್ಟು ಒತ್ತಾಯಿಸಿದರೂ ದುಡ್ಡು ತೆಗೆದುಕೊಳ್ಳಲಿಲ್ಲ. ಕನ್ನಡದ ಮಕ್ಕಳಲ್ಲವೇ ಎಂದುಬಿಟ್ಟಳು. ಪ್ರಶ್ನೆ ಕೇಳಿದ ಹುಡುಗಿ ಈ ಸಲ ಪ್ಲಸ್ ಒನ್‌ಗೆ ಸೇರಿದ್ದಾಳೆ. ಎರಡನೆಯ ಭಾಷೆಯಾಗಿ ಕನ್ನಡವನ್ನೇ ಬರೆಸಿದ್ದಾಳೆಂದು ಮೊನ್ನೆ ದಾರಿಯಲ್ಲಿ ಸಿಕ್ಕ ಅವಳ ತಂದೆ ಹೇಳಿದರು. ಅವಳ ತರಗತಿಯಲ್ಲಿ ಕನ್ನಡ ತೆಗೆದುಕೊಂಡವರು ಬೆರಳೆಣಿಕೆಯ ಮಕ್ಕಳಂತೆ. ಈ ಲೇಖನ ಅವಳ ಕೈಗೆ ಸಿಗಲೆಂದು ನಮ್ಮ ಆಸೆ.